ಕಲ್ಯಾಣದುರ್ಗಕ್ಕೆ ಒಯ್ದ ಎಣ್ಣೆ

ದೀಪಾವಳಿಗೆ ಎರಡು ದಿನ ಇರುವಾಗ ನಾನೂ ಅಪ್ಪನೂ ಬೆಳಗ್ಗೆ ಹಿಂದೂಪುರದ ಬಸ್ ನಿಲ್ದಾಣಕ್ಕೆ ಬಂದೆವು. ರೋಗ ಬಂದ ವರ್ಷ ಅದು. ಹಬ್ಬದ ಹಿಂದಿನ ದಿನಗಳಲ್ಲಿ ಕಾಲಿಡಲು ಜಾಗವಿರದ ನಿಲ್ದಾಣದಲ್ಲಿ ಬೆಂಚುಗಳು ಖಾಲಿ ಇದ್ದವು. ಅಪ್ಪನ ಕೈಯಲ್ಲಿ ಗಾಣದಿಂದ ತಂದ ಕಡಲೆಕಾಯಿ ಎಣ್ಣೆಯ ಕ್ಯಾನು, ನನ್ನ ಕೈಯಲ್ಲಿ ಕಜ್ಜಾಯಕ್ಕೆ ಅಮ್ಮ ಪಾಕ ಹಿಡಿದು ಕಲಸಿಕೊಟ್ಟ ಹಿಟ್ಟಿನ ಡಬ್ಬಿ. ಆಕಾಶ ಮೋಡ ಕಟ್ಟಿತ್ತು. ಸಣ್ಣಗೆ ಜಿನುಗುತ್ತಿತ್ತು.

ಈ ಪ್ರಯಾಣ ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕಲ್ಯಾಣದುರ್ಗದಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ಅಕ್ಕ. ತಾಯಿ ಇಲ್ಲದ ಅಪ್ಪನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು ಅವಳೇ. ಶ್ರಾವಣದಲ್ಲಿ ಅವಳ ಗಂಡ, ನನ್ನ ಮಾವ, ಅನಂತಪುರದ ಆಸ್ಪತ್ರೆಯಲ್ಲಿ ತೀರಿಕೊಂಡ. ಸಾವಾದ ಮನೆಯಲ್ಲಿ ನಮ್ಮವರು ಎಣ್ಣೆಯಲ್ಲಿ ಏನನ್ನೂ ಕರಿಯುವುದಿಲ್ಲ. ಆಮೇಲೆ ಬರುವ ಮೊದಲ ದೊಡ್ಡ ಹಬ್ಬಕ್ಕೆ ಹೆಂಗಸಿನ ತವರಿನವರು ಎಣ್ಣೆ ತರಬೇಕು, ತಾವೇ ಒಲೆಯ ಮೇಲೆ ಬಾಂಡ್ಲಿ ಇಟ್ಟು ಮೊದಲ ಕಜ್ಜಾಯ ಬಿಡಬೇಕು. ವಾಸನೆ ಬೀದಿಗೆ ಹೋಗಬೇಕು, ಬೀದಿಯವರು ಒಂದೊಂದು ತಿನ್ನಬೇಕು. ಆಗಲೇ ಆ ಮನೆಯ ಸೂತಕ ಪೂರ್ತಿ ಕಳೆಯಿತು ಎಂದು ಲೆಕ್ಕ. ಉಳಿದ ಎಣ್ಣೆ ಆ ಮನೆಯಲ್ಲೇ ಖರ್ಚಾಗಬೇಕು. ತವರಿಗೆ ಒಂದು ತೊಟ್ಟೂ ವಾಪಸ್ ಬರಬಾರದು. ಬಂದರೆ ತವರು ಮುರಿಯಿತು ಎನ್ನುತ್ತಾರೆ.

ಮಾವನ ಮಣ್ಣಿಗೆ ಅಪ್ಪ ಹೋಗಿರಲಿಲ್ಲ. ಸುದ್ದಿ ಬಂದ ಕೂಡಲೇ ಮೊಪೆಡ್ ಹತ್ತಿ ಹೊರಟವನು ಪೆನುಕೊಂಡದಿಂದ ವಾಪಸ್ ಬಂದ. ಪೊಲೀಸರು ತಡೆದರು ಎಂದ. ಮನೆಯಲ್ಲಿ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಆವತ್ತಿನಿಂದ ಅತ್ತೆ ಅಪ್ಪನ ಫೋನು ಎತ್ತಿಲ್ಲ.

“ಬಾಂಡ್ಲಿ ಇಡಾಕೆ ಬಿಡ್ತಾಳೇನಮ್ಮ ನಿಮ್ಮತ್ತೆ?” ಅಪ್ಪ ಬಸ್ಸು ಬರುವ ಮೊದಲೇ ಕೇಳಿದ.

“ಬಾ ಅಂತ ನಂಗೆ ಫೋನ್ ಮಾಡಿದ್ಲಲ್ಲಪ್ಪ.”

“ನಿಂಗೆ ಮಾಡಿದ್ಲು. ನಂಗೆ ಮಾಡ್ಲಿಲ್ಲ.”

ಮಾಮೂಲು ದಿನಗಳಲ್ಲಿ ನಾವು ಪಾವಗಡದ ಮೇಲೆ ಹೋಗುತ್ತಿದ್ದೆವು, ಅದೇ ಹತ್ತಿರದ ದಾರಿ. ಅದು ಕರ್ನಾಟಕದೊಳಗೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ದಾರಿ. ಆ ಬಸ್ಸು ಇನ್ನೂ ಶುರುವಾಗಿರಲಿಲ್ಲ. ಆದ್ದರಿಂದ ಪೆನುಕೊಂಡದ ಮೇಲೆ ಅನಂತಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಸುತ್ತಿಕೊಂಡು ಹೋಗಬೇಕಾಯಿತು. ಚಾರ್ಜೂ ಹೆಚ್ಚುಕಡಿಮೆ ಎರಡರಷ್ಟು. ಸೀಟುಗಳ ಮೇಲೆ ಒಂದು ಬಿಟ್ಟು ಒಂದಕ್ಕೆ ಸುಣ್ಣದಂಥ ಬಣ್ಣದಲ್ಲಿ ಅಡ್ಡಗೆರೆ ಎಳೆದಿದ್ದರು. ಅಪ್ಪ ಕಿಟಕಿಯ ಪಕ್ಕ ಕೂತ. ನಾನು ಹಿಂದಿನ ಸಾಲಿಗೆ ಹೋದೆ.

ಕಂಡಕ್ಟರು ಕ್ಯಾನು ನೋಡಿ, “ಏಮಿ ಪೆದ್ದಾಯನ, ಡೀಜಲಾ?” ಏನು ಯಜಮಾನ್ರೆ, ಡೀಸೆಲ್ಲಾ, ಎಂದ.

“ನೂನೆ ಸಾಮಿ, ಪಂಡಗಕಿ,” ಹಬ್ಬಕ್ಕೆ ಎಣ್ಣೆ, ಎಂದು ಅಪ್ಪ ಮುಚ್ಚಳ ತೆಗೆದು ಎಣ್ಣೆ ತೋರಿಸಿದ.

“ಹಬ್ಬಾನಾ! ಈ ವರ್ಷಾನೂ ಕರಿದು ತಿಂತೀರಾ ನೀವು? ಅದೃಷ್ಟವಂತ್ರು,” ಎಂದು ತೆಲುಗಿನಲ್ಲೇ ಹೇಳಿ, ನಕ್ಕು, ಟಿಕೆಟ್ ಹರಿದು ಕೊಟ್ಟ. ಅಪ್ಪ ನಗಲಿಲ್ಲ. ಕ್ಯಾನನ್ನು ಕೆಳಗಿಡದೆ ಅನಂತಪುರದವರೆಗೂ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಪೆನುಕೊಂಡದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಕೋಟೆಯ ಬೆಟ್ಟದ ತಲೆಯನ್ನು ಮೋಡ ನುಂಗಿತ್ತು. ಎಲ್ಲರೂ ಟೀ ಕುಡಿಯಲು ಇಳಿದರು. ಅಪ್ಪ ಇಳಿಯಲಿಲ್ಲ, ಕಿಟಕಿಯ ಕಡೆಗೂ ತಿರುಗಲಿಲ್ಲ. ಊರು ದಾಟಿದ ಮೇಲೆ ಕಾರಿನ ಫ್ಯಾಕ್ಟರಿ ಬಂತು. ಬೇಲಿಯೊಳಗೆ ಹೊಸ ಕಾರುಗಳು ಸಾಲುಸಾಲಾಗಿ ಮಳೆಯಲ್ಲಿ ನೆನೆಯುತ್ತಿದ್ದವು.

ಅನಂತಪುರದಲ್ಲಿ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು ಕಲ್ಯಾಣದುರ್ಗದ ಬಸ್ಸು ಹಿಡಿದೆವು. ಅಲ್ಲಿಂದ ಅರವತ್ತು ಕಿಲೋಮೀಟರಿನಷ್ಟು ದೂರ. ಎರಡೂ ಕಡೆ ಕಿತ್ತ ಕಡಲೆಕಾಯಿ ಗಿಡದ ಗುಡ್ಡೆಗಳು ಮಳೆಗೆ ಕಪ್ಪಾಗಿದ್ದವು, ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಈ ರಸ್ತೆಯಲ್ಲೇ ನಾನು ಅತ್ತೆಯ ಮನೆಯಿಂದ ಅನಂತಪುರದ ಕಾಲೇಜಿಗೆ ಮೂರು ವರ್ಷ ಓಡಾಡಿದ್ದೇನೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲ್ ಸೀಟು ಸಿಗದೆ ಓದು ನಿಲ್ಲುವಂತಾದಾಗ, “ನನ್ನ ಮನೇಲಿ ಇದ್ದು ಓದ್ಲಿ” ಎಂದವಳು ಅತ್ತೆ. ಮಾವ ಪಂಪ್‌ಸೆಟ್ಟಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದ. ಅವನು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ವರ್ಷದಿಂದಲೇ “ಏ ಡಿಗ್ರಿ” ಎನ್ನುತ್ತಿದ್ದ. ಈಗ ನಾನು ಹಿಂದೂಪುರದ ಹತ್ತಿರ ಔಷಧಿ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ, ಯಾವ ಮಾಲು ಎಷ್ಟು ದಿನಕ್ಕೆ ಕೆಡುತ್ತದೆ ಎಂದು ನೋಡುವ ಕೆಲಸದಲ್ಲಿದ್ದೇನೆ. ಆ ಕೆಲಸದ ಅನ್ನದಲ್ಲಿ ಅವನ ತಾಮ್ರದ ತಂತಿಯ ಪಾಲೂ ಇದೆ.

ಮನೆ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಹಿಂದೆಲ್ಲ ದೀಪಾವಳಿಗೆ ಆ ಮನೆಯಲ್ಲಿ ಮಲಗಲು ಚಾಪೆ ಸಾಲುತ್ತಿರಲಿಲ್ಲ. ಮಾವನ ತಮ್ಮಂದಿರು, ಅವರ ಮಕ್ಕಳು, ಬೆಳುಗುಪ್ಪದ ಬೀಗರು ಎಲ್ಲ ಸೇರುತ್ತಿದ್ದರು. ಈ ಸಲ ಅತ್ತೆ, ಅವಳ ಮಗ ನಾಗೇಂದ್ರ, ಸೊಸೆ ಸುಜಾತ ಮೂವರೇ. ಬೆಳುಗುಪ್ಪದಿಂದ ಸುಜಾತಳ ತಾಯಿ ವಿಡಿಯೋ ಕಾಲಿನಲ್ಲಿ ಬಂದು, ಮಾತಾಡಲು ಹೋಗಿ ಅತ್ತು, ಫೋನಿಟ್ಟಳಂತೆ.

ಅತ್ತೆ ಹಣೆಗೆ ಏನೂ ಇಲ್ಲದೆ ಬಾಗಿಲಲ್ಲಿ ನಿಂತಿದ್ದಳು. ಇಳಿದುಹೋಗಿದ್ದಳು.

“ಬಂದ್ಯಾ ಡಿಗ್ರಿ? ಕಾಲ್ ತೊಳ್ಕಂಡ್ ಬಾ,” ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಸುಜಾತ, ಅವರಿಗೂ ನೀರು ಕೊಡಮ್ಮ,” ಎಂದಳು.

ಅವರು ಎಂದರೆ ಅಪ್ಪ. ನನಗೆ ನೆನಪಿರುವ ಕಾಲದಿಂದ ಅತ್ತೆ ಅಪ್ಪನನ್ನು ಏನ್ಲಾ, ಬಾರ್ಲಾ ಎಂದೇ ಮಾತಾಡಿಸಿದವಳು. ಅಪ್ಪ ಚೊಂಬು ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಟ್ಟ. ನಾನು ಹೊರಗೆ ಬಂದಾಗ, “ಅವರು ಅಂದ್ಬುಟ್ಲು ಕಣಮ್ಮ ನನ್ನ,” ಎಂದ.

ಆ ಸಂಜೆ ಅತ್ತೆ ಒಲೆಯ ಪಕ್ಕದಲ್ಲೇ ಕೂತಿದ್ದಳು. ಹಾಲು ಉಕ್ಕಿ, ಹರಿದು, ತಳ ಹತ್ತಿ ಹೊಗೆಯಾಡಿತು. ಹಿತ್ತಲಿನಿಂದ ಸುಜಾತ ಓಡಿಬಂದು ಆರಿಸುವವರೆಗೂ ಅತ್ತೆ ತಲೆ ಎತ್ತಲಿಲ್ಲ. ದುಃಖದಲ್ಲಿ ಮನುಷ್ಯರು ಹೀಗಾಗುತ್ತಾರೆ ಎಂದುಕೊಂಡೆ.

ಮರುದಿನ ಇಡೀ ಜಿಟಿಜಿಟಿ ಮಳೆ. ನಾಗೇಂದ್ರ ಅಪ್ಪನನ್ನೂ ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ ಷಟರ್ ಎತ್ತಿದ. ಅರ್ಧ ಸುತ್ತಿದ ಮೋಟರು ಮಾವ ಬಿಟ್ಟ ಹಾಗೇ ಮೇಜಿನ ಮೇಲಿತ್ತು.

“ಮಣ್ಣು ಮಾಡೋವಾಗ ನನ್ನನ್ನೂ ಹತ್ರ ಬಿಡ್ಲಿಲ್ಲ ಮಾವ,” ಎಂದು ಅವನು ಅಪ್ಪನಿಗೆ ಹೇಳಿದ. “ಪ್ಲಾಸ್ಟಿಕ್ಕಲ್ಲಿ ಸುತ್ತಿದ್ರು. ದೂರದಿಂದ ನೋಡಿ ಅದೇ ಅಪ್ಪ ಅಂದ್ಕಂಡೆ. ನೀವ್ ಬಂದಿದ್ರೂ ಏನೂ ಮಾಡಾಕೆ ಆಯ್ತಿರ್ಲಿಲ್ಲ.”

“ನಿನ್ ಪಕ್ಕ ನಿಂತ್ಕಂತಿದ್ದೆ ಕಣಪ್ಪ,” ಎಂದು ಅಪ್ಪ ಹೇಳಿದ. ಷಟರ್ ಇಳಿಸಿ ಮೂವರೂ ನೆನೆದುಕೊಂಡು ಮನೆಗೆ ಬಂದೆವು.

ಹಬ್ಬದ ಬೆಳಗ್ಗೆ ಎಲ್ಲರಿಗೂ ಎಣ್ಣೆ ನೀರಾಯಿತು. ಅಪ್ಪ ಒಗೆದ ಪಂಚೆ ಉಟ್ಟು, ಕ್ಯಾನು ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದ. ಅತ್ತೆ ಒಲೆಯ ಮುಂದಿನಿಂದ ಏಳದೆ ಕೈ ಅಡ್ಡ ಮಾಡಿದಳು.

“ಅವರು ಅಲ್ಲೇ ಇರ್ಲಿ. ಬಾಂಡ್ಲಿ ಡಿಗ್ರಿ ಇಡ್ತಾಳೆ.”

“ಅಕ್ಕ, ಗಂಡಸ್ರು ಇಡ್ಬೇಕಲ್ಲಕ್ಕ.”

“ಮಣ್ಣಿಗೂ ಗಂಡಸ್ರೇ ಬರ್ಬೇಕು ಅಂತಿದ್ರು. ಯಾರ್ ಬಂದ್ರು?”

ಅಪ್ಪ ಕ್ಯಾನನ್ನು ಹೊಸ್ತಿಲ ಮೇಲಿಟ್ಟು ಜಗಲಿಗೆ ವಾಪಸ್ ಹೋದ. ನಾನು ಕ್ಯಾನು ಎತ್ತಿಕೊಂಡು ಒಲೆಯ ಹತ್ತಿರ ಹೋದೆ. ಬಾಂಡ್ಲಿ ಇಟ್ಟೆ, ಎಣ್ಣೆ ಸುರಿದೆ. ಸುಜಾತ ಬಾಳೆ ಎಲೆಯ ಮೇಲೆ ಹಿಟ್ಟು ತಟ್ಟಿಕೊಟ್ಟಳು. ಮೊದಲ ಕಜ್ಜಾಯ ಮುಳುಗಿ, ಮೇಲೆದ್ದು, ಉಬ್ಬಿತು. ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡಿ ತೆಗೆದೆ. ಬೆಲ್ಲ ಕರಿದ ವಾಸನೆ ಮನೆ ತುಂಬಿತು. ಶ್ರಾವಣದಿಂದ ಆ ಮನೆಯಲ್ಲಿ ಇರದಿದ್ದ ವಾಸನೆ.

“ವಾಸ್ನೆ ಬತ್ತೈತೇನೆ?” ಅತ್ತೆ ಕೇಳಿದಳು.

“ಬತ್ತೈತಲ್ಲ ಅತ್ತೆ, ಇಷ್ಟೊಂದು.”

“ನಂಗೆ ಬರಾಕಿಲ್ಲ.”

ಸುಜಾತ ತಟ್ಟುವುದನ್ನು ನಿಲ್ಲಿಸಿದಳು. ಅವಳಿಗೂ ಅದು ಗೊತ್ತಿರಲಿಲ್ಲ.

“ನಿಮ್ಮಾವನ್ನ ಆಸ್ಪತ್ರೆಗೆ ಕರ್ಕಂಡ್ ಹೋದ ವಾರದಾಗೇ ನಂಗೂ ಜ್ವರ ಬಂದಿತ್ತಲ್ಲ. ಜ್ವರ ಹೋಯ್ತು, ಇದು ಬರ್ಲೇ ಇಲ್ಲ,” ಎಂದು ಅತ್ತೆ ಬೆಂಕಿ ನೋಡುತ್ತಾ ಹೇಳಿದಳು. “ನಿಮ್ಮಾವನ ಅಂಗಿ ಒಂದನ್ನ ಒಗೀದೆ ಇಟ್ಕಂಡಿದ್ದೆ. ದಿನಾ ಮೂಸಿ ನೋಡ್ತಿದ್ದೆ. ಏನೂ ಇಲ್ಲ. ಯಾರ ಅಂಗಿಯೋ ಅನ್ನೋ ಹಂಗಿತ್ತು. ಕೊನೆಗೆ ಒಗೆದ್ಬುಟ್ಟೆ.”

“ಎಷ್ಟೋ ಜನಕ್ಕೆ ಆಮೇಲೆ ಬರುತ್ತಂತೆ ಅತ್ತೆ.”

“ಯಾವಾಗ ಅಂತ ನಿನ್ ಪುಸ್ತಕದಾಗೆ ಬರ್ದೈತಾ?”

“ಇಲ್ಲ ಅತ್ತೆ.”

“ಹೂಂ. ಸುಳ್ಳಾದ್ರೂ ಹೇಳಾಕೆ ಬರಾಕಿಲ್ಲ ಈ ಡಿಗ್ರಿಗೆ,” ಎಂದು ಅವಳು ಒಂದು ಗಳಿಗೆ ನಕ್ಕಳು. ಆ ಮೂರು ದಿನಗಳಲ್ಲಿ ನಾನು ಕಂಡ ನಗು ಅದೊಂದೇ. ಆಮೇಲೆ ಜಗಲಿಯ ಕಡೆ ಗಂಟಲು ಏರಿಸಿ, “ಅವರಿಗೆ ಬತ್ತೈತಾ ಕೇಳು,” ಎಂದಳು.

ಅಪ್ಪ ಹೊರಗಿನಿಂದಲೇ, “ಬತ್ತೈತಕ್ಕ,” ಎಂದ.

“ಪೆನುಕೊಂಡದಾಗೆ ಪೊಲೀಸ್ನೋರು ತಡುದ್ರು ಅಂತಾನೂ ಅವರೇ ಹೇಳಿದ್ದು,” ಎಂದಳು ಅತ್ತೆ.

ಬೀದಿಗೆ ಹಂಚಲು ನಾನೂ ಸುಜಾತಳೂ ತಟ್ಟೆ ಹಿಡಿದು ಹೊರಟೆವು. ಆ ಬೀದಿ ನನಗೆ ಗೊತ್ತು. ಕಜ್ಜಾಯದ ವಾಸನೆಗೆ ಮಕ್ಕಳು ತಾವಾಗಿಯೇ ಬಾಗಿಲಿಗೆ ಬರುತ್ತಿದ್ದ ಬೀದಿ ಅದು. ಈಗ ಕದಗಳು ಹಾಕಿದ್ದವು. ಒಂದು ಮನೆಯವರು ಕಿಟಕಿಯಿಂದಲೇ, “ಗೋಡ ಮೀದ ಪೆಟ್ಟಮ್ಮಾ,” ಕಾಂಪೌಂಡಿನ ಮೇಲಿಟ್ಟು ಹೋಗಿ, ಎಂದರು. ಇಟ್ಟೆವು. ಮುಂದಿನ ಮನೆಯಲ್ಲೂ ಹಾಗೇ. ಎದುರುಮನೆಯ ಲಕ್ಷ್ಮಕ್ಕ ಒಬ್ಬಳೇ ಹೊರಗೆ ಬಂದು, ಮಾಸ್ಕ್ ಇಳಿಸಿ, ನಮ್ಮೆದುರೇ ಒಂದು ಪೂರ್ತಿ ತಿಂದಳು. “ನಿಮ್ಮ ಮಾವ ನನ್ ಬೋರಿನ ಮೋಟರು ರೆಡಿ ಮಾಡ್ಕೊಟ್ಟು ಕಾಸು ಇಸ್ಕಂಡಿಲ್ಲ ಕಣಮ್ಮ,” ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾವು ಬೀದಿಯ ಕೊನೆಯಿಂದ ತಿರುಗಿ ಬರುವಾಗ ಮೊದಲ ಮನೆಯ ಕಜ್ಜಾಯ ಚರಂಡಿಯ ಪಕ್ಕ ಬಿದ್ದಿತ್ತು. ನಾಯಿ ಮೂಸುತ್ತಿತ್ತು. ಎಲ್ಲರೂ ತಿಂದರು ಎಂದು ಅತ್ತೆಗೆ ಸುಜಾತ ಹೇಳಿದಳು.

ಮರುದಿನ ಬೆಳಗ್ಗೆ ಹೊರಟೆವು. ಮಳೆ ನಿಂತಿತ್ತು, ಬಿಸಿಲು ಬಂದಿರಲಿಲ್ಲ. ಅತ್ತೆ ಬಾಗಿಲಿಗೆ ಬಂದಳು. ನಾನು ಕಾಲಿಗೆ ಬಿದ್ದೆ. ಅಪ್ಪ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಂಡವನು ಮತ್ತೆ ಬಿಚ್ಚಿದ.

“ಅಕ್ಕ, ಯಾರೂ ತಡೀಲಿಲ್ಲ,” ಎಂದ. “ಪೆನುಕೊಂಡದಾಗೆ ನಾನೇ ಗಾಡಿ ತಿರುಗಿಸ್ದೆ. ಹೆದರ್ಕೆ ಆಗ್ಬುಡ್ತು. ಸಕ್ಕರೆ ಕಾಯ್ಲೆ ಇರೋರು ಉಳಿಯಾಕಿಲ್ಲ ಅಂತಿದ್ರು ಎಲ್ರೂ.”

ಅತ್ತೆ ಹೊಸ್ತಿಲು ದಾಟಿ ಬಂದಳು.

“ಗೊತ್ತು ಕಣ್ಲಾ,” ಎಂದಳು. “ನೀನು ಚಿಕ್ಕೋನಿದ್ದಾಗ್ಲೂ ಹಿಂಗೇ. ಹೆದರ್ಕಂಡ್ರೆ ಮೊದ್ಲು ಸುಳ್ಳು, ಆಮೇಲೆ ಅಳು.”

ಅಪ್ಪ ಅಳುತ್ತಿದ್ದ. ಅವಳು ಒಳಗೆ ಹೋಗಿ ಎಣ್ಣೆಯ ಕ್ಯಾನು ತಂದು ಅವನ ಮುಂದಿಟ್ಟಳು. ಅರ್ಧಕ್ಕಿಂತ ಹೆಚ್ಚು ಎಣ್ಣೆ ಉಳಿದಿತ್ತು.

“ತಕ್ಕಂಡ್ ಹೋಗು.”

ಸುಜಾತ ಗಾಬರಿಯಾಗಿ, “ಅತ್ತಾ, ವದ್ದು,” ಬೇಡ ಅತ್ತೆ, ಎಂದಳು. ಅಪ್ಪ ಕ್ಯಾನು ಮುಟ್ಟಲಿಲ್ಲ.

“ತವರು ಮುರ್ಕಂತೀಯೇನಕ್ಕ?”

“ಮುರಿಯೋಳಾಗಿದ್ರೆ ಚೆಲ್ತಿದ್ದೆ. ನಂಗೆ ವಾಸ್ನೆ ಬಂದ್ ದಿನ ಹೇಳಿ ಕಳಿಸ್ತೀನಿ. ಅವತ್ತು ಇದೇ ಎಣ್ಣೆ ತಕ್ಕಂಡ್ ಬಾ, ನೀನೇ ಬಾಂಡ್ಲಿ ಇಡು. ಅಲ್ಲೀಗಂಟ ಈ ಮನೇಲಿ ಯಾರೂ ಬಾಂಡ್ಲಿ ಇಟ್ಟಿಲ್ಲ ಅಂತಾನೇ ಲೆಕ್ಕ. ಬೀದಿಗೆ ಹಬ್ಬ ಆಯ್ತು, ನಂಗಾಗಿಲ್ಲ.”

ನಾವು ಬೀದಿಯ ತಿರುವಿಗೆ ಬಂದು ಹಿಂದೆ ನೋಡಿದಾಗ ಬಾಗಿಲು ಹಾಕಿತ್ತು.

ಬಸ್ ನಿಲ್ದಾಣದಲ್ಲಿ ಅಪ್ಪ ಹೆಗಲ ಮೇಲಿನ ಟವಲನ್ನು ಕ್ಯಾನಿಗೆ ಸುತ್ತಿದ. ಎಣ್ಣೆ ವಾಪಸ್ ತರುವುದನ್ನು ನಮ್ಮ ಕಡೆಯವರು ಯಾರೂ ನೋಡಬಾರದಲ್ಲ. ಅನಂತಪುರದಲ್ಲಿ ಬಸ್ಸು ಬದಲಿಸಿದೆವು. ಕಾರಿನ ಫ್ಯಾಕ್ಟರಿ ದಾಟಿತು. ಪೆನುಕೊಂಡದಲ್ಲಿ ಈ ಸಲ ಅಪ್ಪ ಕಿಟಕಿಯಿಂದ ಹೊರಗೆ ನೋಡಿದ. ರಸ್ತೆಯ ಬದಿಯ ಒಂದು ಹುಣಸೆಮರದ ಕಡೆ ಗದ್ದ ಎತ್ತಿ, “ಅಲ್ಲೇ ತಿರುಗಿಸ್ದೆ,” ಎಂದ. ಮರದ ಕೆಳಗೆ ಯಾರೋ ಸೀತಾಫಲ ಮಾರುತ್ತಿದ್ದರು.

ಬಸ್ಸು ಹೊರಟ ಮೇಲೆ ಅವನು ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದ.

“ನೀನು ಓದಿದೋಳು, ಹೇಳು. ಕಡಲೆಕಾಯಿ ಎಣ್ಣೆ ಎಷ್ಟ್ ದಿನ ಕೆಡದಂಗೆ ಇರ್ತೈತೆ?”

ಎಣ್ಣೆಗೆ ಗಾಳಿ ತಾಗಿದರೆ ಏನಾಗುತ್ತದೆ, ಎಷ್ಟು ತಿಂಗಳಿಗೆ ಕಮಟು ಹತ್ತುತ್ತದೆ ಎನ್ನುವುದು ನನಗೆ ಗೊತ್ತು. ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ಅದರಲ್ಲೂ ಇದು ಆಗಲೇ ಮುಚ್ಚಳ ತೆಗೆದ ಎಣ್ಣೆ, ಇನ್ನೂ ಬೇಗ ಕೆಡುತ್ತದೆ.

“ಬಿಗಿಯಾಗಿ ಮುಚ್ಚಿಟ್ರೆ ಇರ್ತೈತಪ್ಪ,” ಎಂದೆ.

ಅಪ್ಪ ಟವಲು ಸರಿಸಿ ಮುಚ್ಚಳವನ್ನು ಇನ್ನೊಂದು ಸಲ ತಿರುಗಿಸಿ ಬಿಗಿ ಮಾಡಿದ. ಹಿಂದೂಪುರ ಬರುವವರೆಗೂ ಅದರ ಮೇಲಿನಿಂದ ಕೈ ತೆಗೆಯಲಿಲ್ಲ.