ಭವ್ಯಳ ನಿಂಬೆಹಣ್ಣಿನ ಲೆಕ್ಕ

ಬಾಪೂಜಿ ನಗರದ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿಗೆ ಕೂಡೋ ಲೆಕ್ಕ ಕಲಿಸೋದು ನಾನು. ಮೂರು ನಿಂಬೆಹಣ್ಣಿಗೆ ಇನ್ನೆರಡು ಸೇರಿಸಿದ್ರೆ ಎಷ್ಟು ಅಂತ ಕೇಳಿದ್ರೆ ಭವ್ಯ ಅನ್ನೋ ಹುಡುಗಿ ಆರು ಅಂತಾಳೆ. ಕಡ್ಡಿ ಕೊಟ್ಟರೆ ಸರಿಯಾಗಿ ಐದು ಅಂತಾಳೆ, ಹಣ್ಣು ಅಂದ ತಕ್ಷಣ ಒಂದು ಜಾಸ್ತಿ. ಒಂದು ವಾರ ಹೀಗೇ ಆಯ್ತು. ತರಲೆ ಮಾಡ್ತಿದ್ದಾಳೆ ಅಂತ ರೇಗಿಬಿಟ್ಟೆ. ಮಗು ಅತ್ತಿತು.

ಮಾರನೇ ದಿನ ಅವಳ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿಗೇ ಬಂದ್ರು. ಜಗಳ ಗ್ಯಾರಂಟಿ ಅಂದುಕೊಂಡೆ.

“ಮಿಸ್, ತಪ್ಪು ನಂದು. ಮಾರ್ಕೆಟ್ಟಲ್ಲಿ ನಿಂಬೆಹಣ್ಣು ಮಾರ್ತೀನಿ. ಸಂಜೆ ಇವಳು ನನ್ನ ಪಕ್ಕ ಕೂತು ಎಣಿಸಿ ಕೊಡ್ತಾಳೆ. ಕೊಸರು ಹಾಕದೆ ಯಾರನ್ನೂ ಕಳಿಸಬೇಡ ಅಂತ ನಾನೇ ಹೇಳಿಕೊಟ್ಟಿದ್ದು.”

ಕೊಂಡವರಿಗೆ ಮೇಲೊಂದು ಹಣ್ಣು! ನನಗೆ ಹೊಳೆದೇ ಇರಲಿಲ್ಲ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದ್ರು. “ಮೊದಲು ಲೆಕ್ಕ ಜೋರಾಗಿ ಹೇಳ್ಬೇಕು ಕಣೇ. ಆಮೇಲೆ ಕೊಸರು. ಎರಡೂ ಒಟ್ಟಿಗೆ ಹಾಕಿಬಿಟ್ರೆ ನೀನು ಕೊಸರು ಕೊಟ್ಟಿದ್ದು ಯಾರಿಗೆ ಗೊತ್ತಾಗುತ್ತೆ?”

ವಾರವಿಡೀ ನನ್ನ ಕೈಲಾಗದ್ದು ಗೇಟಿನ ಹತ್ರ ಒಂದು ನಿಮಿಷದಲ್ಲಿ ಆಗಿಹೋಯ್ತು. ಅಜ್ಜಿಗೆ ಕೈ ಮುಗಿದೆ, ಭವ್ಯಳಿಗೆ ಸಾರಿ ಹೇಳಿದೆ.

ಟೆಸ್ಟಲ್ಲಿ ಅವಳ ಲೆಕ್ಕವೆಲ್ಲ ಸರಿ. ಪ್ರತಿ ಉತ್ತರದ ಪಕ್ಕ ಪುಟ್ಟದೊಂದು ನಿಂಬೆಹಣ್ಣಿನ ಚಿತ್ರ ಬರೆದಿದ್ದಳು. ಹತ್ತಕ್ಕೆ ಹತ್ತು ಕೊಟ್ಟೆ. ಮೇಲೊಂದು ಇರಲಿ ಅಂತ ಹನ್ನೊಂದು ಒತ್ತಿದರೆ ಶಾಲೆಯ ಕಂಪ್ಯೂಟರ್ ಒಪ್ಪಲೇ ಇಲ್ಲ. ಪಾಪ, ಅದು ಯಾವತ್ತೂ ವ್ಯಾಪಾರಕ್ಕೆ ಕೂತಿಲ್ಲ.