ಮೆಟ್ಟಿಲ ಮೇಲೆ ಕೆಮ್ಮಿದ್ದು

ಪುಟ್ಟಿ, ಚಿನ್ನು, ಇದನ್ನು ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊರೊನಾ ಬಂದ ಮೊದಲ ವರ್ಷ ನಾನು ಪರದೇಶದಲ್ಲಿ ನಿಮ್ಮ ಮನೆಯಲ್ಲಿದ್ದೆ. ಸ್ಯಾಂಡಿಫರ್ಡ್‌ನ ಫ್ಲಾಟಿನಲ್ಲಿ ಒಂದು ಬೆಳಿಗ್ಗೆ ಕಸ ಹಾಕಲು ಇಳಿದ ನಾನು ಮೆಟ್ಟಿಲ ಮೇಲೆ ಕೆಮ್ಮಿದೆ. ಕೆಳಮನೆಯ ಗಂಡಸು ಬಾಗಿಲು ತೆರೆದು, ಮುಷ್ಟಿ ಎತ್ತಿ ಕೂಗಿದ. ಮಾತು ತಿಳಿಯಲಿಲ್ಲ, ಮುಷ್ಟಿ ತಿಳಿಯಿತು. ನಿಮ್ಮ ಅಪ್ಪ ಕೇಳಿದಾಗ, ಒಗ್ಗರಣೆಯ ಘಾಟಿಗೆ ಕೆಮ್ಮು ಬಂತು ಎಂದೆ. ನಿಜವಾಗಿ ಎರಡು ದಿನದಿಂದ ಮೈ ಸುಡುತ್ತಿತ್ತು. ಹೇಳಿದರೆ ಆಸ್ಪತ್ರೆಗೆ ಒಬ್ಬಳನ್ನೇ ಒಯ್ಯುತ್ತಾರೆ, ಭಾಷೆ ಬಾರದೆ ಅಲ್ಲೇ ಸಾಯುತ್ತೇನೆ ಎಂದು ಹೆದರಿದ್ದೆ.

ನಿಮ್ಮ ಅಪ್ಪ ಕೆಳಗಿಳಿದು ಜಗಳಕ್ಕೆ ನಿಂತರು. ಕೈ ಮಿಲಾಯಿಸುವುದನ್ನು ತಡೆದವರು ಎದುರು ಫ್ಲಾಟಿನ ಮುದುಕಿ, ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಅವರ ಮಂದಿ ಆಯುಧ ಮುಟ್ಟುವುದಿಲ್ಲ. ಜಗಳವಾಡಿದವರನ್ನು ಎದುರುಬದುರು ಕೂರಿಸಿ ಶಾಂತಿ ಮಾಡಿಸುವುದನ್ನು ವ್ರತದಂತೆ ನಡೆಸುತ್ತಾರೆ. ಮರುದಿನ ಹಿತ್ತಲ ಹುಲ್ಲಿನ ಮೇಲೆ ದೂರದೂರ ಕುರ್ಚಿ ಹಾಕಿಸಿದರು. ಒಬ್ಬರು ಮಾತಾಡಿದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಮೌನವಾಗಿರಬೇಕು, ಉತ್ತರ ಆಮೇಲೆ.

“ಸುಮ್ನೆ ಕೂರೋಕೊಂದು ಮೀಟಿಂಗಾ? ಅದನ್ನ ದಿನಾ ಆಫೀಸಲ್ಲೇ ಮಾಡ್ತೀನಿ,” ಎಂದ ನಿಮ್ಮ ಅಪ್ಪ ನನ್ನ ಕಡೆ ತಿರುಗಿದರು. “ಅತ್ತೆ, ನೀವೇನೂ ಹೇಳ್ಬೇಡಿ. ನಾನು ನೋಡ್ಕೋತೀನಿ.”

ಕೆಳಮನೆಯ ಆ ಮನುಷ್ಯ ಮೊದಲು ಮಾತಾಡಿದ. ಪುಟ್ಟಿ, ನನಗೆ ತಿಳಿಸಿದವಳು ನೀನೇ. “ಅಜ್ಜಿ, ಅವ್ರ ವೈಫ್‌ಗೆ ಕ್ಯಾನ್ಸರ್ ಅಂತೆ. ಕೋವಿಡ್ ಬಂದ್ರೆ ಉಳಿಯಲ್ವಂತೆ. ಕೂಗಿದ್ದಕ್ಕೆ ಸಾರಿ ಅಂತೆ.”

ಆಮೇಲೆ ಮೌನ. ಅಂಥ ಭಯ ನಾನು ಗಂಡ ಸತ್ತ ದಿನವೂ ಪಟ್ಟಿರಲಿಲ್ಲ. ನಾನು ಹಿಡಿದ ಮೆಟ್ಟಿಲ ಕಂಬಿಯನ್ನೇ ಆ ಹೆಂಗಸೂ ಹಿಡಿದಿರಬಹುದು. ಯಾರೂ ನನ್ನನ್ನು ಗದರಲಿಲ್ಲ. ಗದರಿದ್ದರೆ ಸುಳ್ಳನ್ನೇ ಹಿಡಿದುಕೊಂಡಿರುತ್ತಿದ್ದೆ.

“ಒಗ್ಗರಣೆ ಅಲ್ಲ ಪುಟ್ಟಿ. ನಂಗೆ ಜ್ವರ ಇತ್ತು, ಈಗ್ಲೂ ಐತೆ ಅಂತ ಹೇಳು.”

ನೀನು ಅಪ್ಪನ ಮುಖ ನೋಡಿದೆ. “ಹೇಳ್ಲಾ ಅಜ್ಜಿ? ಆರ್ ಯು ಶೂರ್?”

ತಲೆಯಾಡಿಸಿದೆ. ನೀನು ಹೇಳಿದೆ. ನಿಮ್ಮ ಅಪ್ಪ ನೆಲ ನೋಡುತ್ತಾ ಕೂತರು. ಆ ಮನುಷ್ಯ ಎದ್ದು ನೇರ ಮನೆಗೆ ಹೋದ. ಸಂಜೆಯೊಳಗೆ ಹೆಂಡತಿಯನ್ನು ಅವಳ ತಂಗಿಯ ಮನೆಗೆ ಸಾಗಿಸಿದನಂತೆ.

ನನಗೆ ಇದ್ದದ್ದು ಕೋವಿಡ್ಡೇ. ಆಸ್ಪತ್ರೆಗೆ ಒಯ್ಯಲಿಲ್ಲ, ಒಂದೇ ಕೋಣೆಯಲ್ಲಿ ಕೂತು, ಆ ಹೆಂಗಸಿನ ಸುದ್ದಿಯನ್ನು ದಿನವೂ ಕೇಳುತ್ತಿದ್ದೆ. ಆಕೆಗೆ ತಗುಲಲಿಲ್ಲ. ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೋ.

ಅಜ್ಜಿಯ ಮಾನ ಉಳಿಯಲೆಂದು ಈ ಹಾಳೆಗಳನ್ನು ಹರಿಯಬೇಡಿ, ಬಚ್ಚಿಡಲೂ ಬೇಡಿ. ನಿಮ್ಮಿಬ್ಬರ ಕೈಗೂ ಸಿಗುವ ಕಡೆ ಜೋಪಾನವಾಗಿಡಿ.