ಹೊರಗಿನ ಹೋರಿ

ತೊಂಬತ್ತರ ದಶಕದಲ್ಲಿ ನಾನು ಕ್ಯಾರೊಲೈನಾದ ಒಂದು ಸಂಶೋಧನಾ ಫಾರ್ಮಿನಲ್ಲಿ ಮಾಂಸದ ದನಗಳ ತಳಿಗಳನ್ನು ಹೋಲಿಸಿ ನೋಡುವ ಕೆಲಸದಲ್ಲಿದ್ದೆ. ಹತ್ತಿರದ ಷಾರ್ಲೆಟ್ ನಗರದ ಕನ್ನಡದವರ ಮನೆಗಳಲ್ಲಿ ಇದನ್ನು ಹೇಳಿದರೆ, ತಟ್ಟೆ ಹಿಡಿದು ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. "ಬೀಫಾ?" ಎಂದು ಮೆಲ್ಲಗೆ ಕೇಳಿ, ನಾನು ಹೌದೆಂದ ಮೇಲೆ ವೀಸಾದ ಮಾತಿಗೆ ಹೊರಳಿಕೊಳ್ಳುತ್ತಿದ್ದರು. ಬ್ಯಾಂಕಿನ ಕಂಪ್ಯೂಟರ್ ಕಾಯುವವರಿಗೆ ಬಡ್ಡಿಯ ಪಾಪ ತಟ್ಟುವುದಿಲ್ಲ, ನನಗೆ ಮಾತ್ರ ದನದ ಪಾಪ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗುತ್ತಿದ್ದೆ.

ಕನ್ನಡದವರಿಗೆ ನನ್ನ ಕೆಲಸ ಹೇಳಲು ಮುಜುಗರ. ಫಾರ್ಮಿನ ಅಮೆರಿಕನ್ನರಿಗೆ ನನ್ನ ಸಂಸಾರದ ವಿಷಯ ಹೇಳಲು ಮುಜುಗರ. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ಅವಳು ಹುಟ್ಟಿದ ವಾರದಲ್ಲೇ ನನ್ನ ಅಜ್ಜಿ, "ಇವಳು ನಮ್ಮ ಹುಡುಗನಿಗೆ" ಎಂದು ತೀರ್ಮಾನ ಮಾಡಿಬಿಟ್ಟಿದ್ದರಂತೆ. ನಮ್ಮ ಕಡೆ ಇದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ. ಹುಡುಗಿ ಬೇರೆ ಮನೆಗೆ ಹೋಗಿ ಕಣ್ಣೀರು ಹಾಕುವುದಕ್ಕಿಂತ ಸೋದರಮಾವನ ಮನೆಯಲ್ಲಿ ತಣ್ಣಗಿರಲಿ ಎಂಬ ಲೆಕ್ಕ. ಮದುವೆಯಾದ ಮೇಲೂ ಅವಳು ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. ಫಾರ್ಮಿನಲ್ಲಿ ಯಾರಾದರೂ ಕೇಳಿದರೆ, ಮನೆಯವರು ನೋಡಿ ಮಾಡಿದ ಮದುವೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ.

ನಮಗೆ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು. ಷಾರ್ಲೆಟ್‌ನ ಡಾಕ್ಟರು ನಮ್ಮ ಸಂಬಂಧ ಕೇಳಿ ತಿಳಿದುಕೊಂಡು, ಅದೇ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂದಿದ್ದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗಿ ಮನೆ ತುಂಬ ಮಕ್ಕಳಿರುವವರು ನಮ್ಮ ನೆಂಟರಲ್ಲೇ ಎಷ್ಟೋ ಜನ ಇದ್ದರು. ಹಾಗಾಗಿ ಪರೀಕ್ಷೆ, ಇಂಜೆಕ್ಷನ್ನು, ಕಾಯುವುದು ಎಲ್ಲವೂ ನಡೆದೇ ಇತ್ತು.

ಒಂದು ಬೇಸಿಗೆಯಲ್ಲಿ ಅಕ್ಕ ಫೋನಿನಲ್ಲಿ ಒಂದು ಸುದ್ದಿ ಹೇಳಿದಳು. ಕಿರಿಯ ಮಗಳನ್ನು ನನ್ನ ತಮ್ಮನಿಗೇ ಕೊಡುವುದೆಂದು ಮಾತಾಗಿದೆ, ಶ್ರಾವಣದಲ್ಲಿ ನಿಶ್ಚಿತಾರ್ಥ. ಹುಡುಗಿ ಏನಂದಳು ಎಂದು ನಾನು ಕೇಳಿದರೆ, "ಅವಳೇನನ್ನುತ್ತಾಳೆ, ಅಮ್ಮ ಹೇಳಿದ ಹಾಗೆ ಅಂದ್ಲು" ಎಂದಳು. ನನ್ನ ಹೆಂಡತಿ ಅಂದಿನಿಂದ ಮಾತು ಕಡಿಮೆ ಮಾಡಿದಳು. ಕೇಳಿದರೆ ತಲೆನೋವು ಎನ್ನುತ್ತಿದ್ದಳು.

ಮುಂದಿನ ಶನಿವಾರ ನಮ್ಮಲ್ಲಿ ಫೀಲ್ಡ್ ಡೇ, ಎಂದರೆ ಸುತ್ತಲಿನ ರೈತರು ಫಾರ್ಮು ನೋಡಲು ಬರುವ ದಿನ. ಮನೆಯಲ್ಲಿ ಒಬ್ಬಳೇ ಕೂರುವುದು ಬೇಡವೆಂದು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಟ್ರ್ಯಾಕ್ಟರಿಗೆ ಕಟ್ಟಿದ ಗಾಡಿಯಲ್ಲಿ ಒಣಹುಲ್ಲಿನ ಪಿಂಡಿಗಳ ಮೇಲೆ ಎಲ್ಲರನ್ನೂ ಕೂರಿಸಿ, ಹುಲ್ಲುಗಾವಲು ಸುತ್ತಿಸುತ್ತಾ ನಾನು ಮೈಕಿನಲ್ಲಿ ಹೇಳುತ್ತಿದ್ದೆ. ಅವಳು ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೊನೆಯ ಪಿಂಡಿಯ ಮೇಲೆ ಕೂತಿದ್ದಳು.

ಕಪ್ಪು ಆಂಗಸ್ ಬೇಗ ಬಲಿಯುತ್ತದೆ, ಮಾಂಸಕ್ಕೆ ಒಳ್ಳೆಯ ಬೆಲೆ, ಆದರೆ ಆಗಸ್ಟಿನ ಬಿಸಿಲು ತಡೆಯದೆ ಹೊಂಡ ಬಿಟ್ಟು ಮೇಲೇಳುವುದಿಲ್ಲ. ಬಿಳಿ ಮುಖದ ಹೆರ್‌ಫರ್ಡ್ ಸಾಧು ಪ್ರಾಣಿ, ಕಣ್ಣಿನ ಕಾಯಿಲೆ ಮಾತ್ರ ಬೆನ್ನು ಬಿಡದು. ಫ್ರಾನ್ಸಿನ ಶಾರೊಲೆ ತೂಕದಲ್ಲಿ ಎಲ್ಲಕ್ಕಿಂತ ಮುಂದು, ಕರು ದಪ್ಪವಾಗಿ ಹೆರುವಾಗ ತಾಯಿಯ ಪ್ರಾಣ ಹಿಂಡುತ್ತದೆ. ನಮ್ಮ ದೇಶದ ದನಗಳ ರಕ್ತದಿಂದ ಇಲ್ಲಿ ಬೆಳೆಸಿದ ಬ್ರಾಹ್ಮನ್ ಬಿಸಿಲಿಗೂ ಉಣ್ಣಿಗೂ ಜಗ್ಗುವುದಿಲ್ಲ, ಮಾಂಸ ಗಡಸು, ಬೆದೆಗೆ ಬರುವುದೂ ತಡ. ಕೊರತೆಯಿಲ್ಲದ ತಳಿ ದೇವರು ಮಾಡಿಲ್ಲ. ಆಂಗಸ್ಸನ್ನೂ ಬ್ರಾಹ್ಮನ್ನನ್ನೂ ಕೂಡಿಸಿ ಪಡೆದ ಹಸುವೋ, ಸಲೀಸಾಗಿ ಗಬ್ಬ ನಿಲ್ಲುತ್ತದೆ, ಕರುವನ್ನು ಚೆನ್ನಾಗಿ ಸಾಕುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಮಿಶ್ರತಳಿಯ ದೊಡ್ಡ ಲಾಭ ಮಾಂಸದ ತೂಕದಲ್ಲಲ್ಲ, ಗಬ್ಬ ನಿಲ್ಲುವುದರಲ್ಲಿದೆ. ಇದನ್ನು ಹೇಳುವಾಗ ನನಗೆ ಯಾವಾಗಲೂ ಉತ್ಸಾಹ ಬರುತ್ತಿತ್ತು.

ಒಬ್ಬ ಮುದುಕ ಕೈಯೆತ್ತಿದ. ತನ್ನ ಹತ್ತಿರ ಒಳ್ಳೆಯ ಹೋರಿಯಿದೆ, ಅದಕ್ಕೆ ಹುಟ್ಟಿದ ಹೆಣ್ಣುಕರುಗಳನ್ನೂ ಬೆಳೆದ ಮೇಲೆ ಅದಕ್ಕೇ ಬಿಟ್ಟರೇನು ಎಂದ. ಪ್ರತಿ ವರ್ಷ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಿದ್ದರು. ನನಗೆ ರೇಗಿತು. ಮನೆಯ ಹೋರಿಯೇ ಸಾಕು ಎಂದು ಕೂತರೆ ಮೊದಲ ಏಟು ಬೀಳುವುದು ಗಬ್ಬಕ್ಕೆ, ಗಬ್ಬ ನಿಲ್ಲುವುದಿಲ್ಲ, ನಿಂತರೆ ಉಳಿಯುವುದಿಲ್ಲ, ಹೊರಗಿನ ಹೋರಿ ತನ್ನಿ ಎಂದು ಇಂಗ್ಲಿಷಿನಲ್ಲಿ ಜೋರಾಗಿಯೇ ಹೇಳಿದೆ. ಗಾಡಿಯಲ್ಲಿದ್ದವರು ನಕ್ಕರು. ಆಗ ನನ್ನ ಕಣ್ಣು ಕೊನೆಯ ಪಿಂಡಿಯ ಕಡೆ ಹೋಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂಬ ಗಾದೆ ಇರುವುದೇ ನನ್ನಂಥವರಿಗೆ.

ಕಾರಿನಲ್ಲಿ ಅವಳು ಕೇಳಿದಳು. "ಮಾವ, ನಾನು ನಿಮ್ಮ ಫಾರ್ಮಿನ ಹಸು ಆಗಿದ್ರೆ ನನ್ನನ್ನ ಮನೆ ಹೋರಿಗೆ ಬಿಡ್ತಿದ್ರಾ?"

"ಹುಚ್ಚುಚ್ಚಾಗಿ ಮಾತಾಡ್ಬೇಡ. ದನದ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ."

"ಆಯ್ತು, ಬೇರೆ. ಹಾಗಾದ್ರೆ ನಾಳೆ ಅಮ್ಮನಿಗೆ ಫೋನ್ ಮಾಡ್ದಾಗ, ತಂಗೀನ ಧೈರ್ಯವಾಗಿ ಕೊಡು ಅಂತ ನೀವೇ ಹೇಳಿ."

ನಾನು ಕಾರಿನ ರೇಡಿಯೊ ಹಾಕಿದೆ.

ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. "ಅಮ್ಮ, ಅವಳನ್ನ ಹೊರಗೆ ಕೊಡು" ಎಂದಳು. ಅಕ್ಕನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ನಿನಗೇನೇ ಕಮ್ಮಿ ಆಗಿದೆ? ಹೂವಿನ ಹಾಗೆ ನೋಡ್ಕೊಂಡಿದ್ದಾನೆ ನನ್ನ ತಮ್ಮ."

"ಮಾವನ್ನೇ ಕೇಳು" ಎಂದು ಅವಳು ರಿಸೀವರನ್ನು ನನ್ನ ಕೈಗಿಟ್ಟು ಎದುರಿಗೇ ನಿಂತಳು.

ನನಗೆ ಹೆದರಿಕೆಯಾಯಿತು. ಕೊಡು ಎಂದರೆ ಇನ್ನೊಬ್ಬ ಹುಡುಗಿಗೂ ಇವಳ ಪಾಡು ಬರಬಹುದಿತ್ತು. ಬೇಡವೆಂದರೆ ನಮ್ಮ ಮದುವೆಯೇ ಆಗಬಾರದಿತ್ತು ಎಂದು ಹೆಂಡತಿಯ ಮುಖಕ್ಕೇ ಹೇಳಿದಂತೆ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಫೋನು ಕೊಟ್ಟಿದ್ದಳು.

"ಬೇಡ ಅಕ್ಕ. ಹೊರಗಿನ ಹುಡುಗನ್ನ ನೋಡು."

"ಯಾಕೋ?"

"ರಕ್ತ ತುಂಬ ಹತ್ತಿರ. ನಮಗಾಗಿದ್ದೇ ಸಾಕು."

"ಅಂದ್ರೆ ನನ್ನ ಮಗಳು ನಿನಗೆ ಬೇಡವಾದ್ಲು" ಎಂದಳು ಅಕ್ಕ. ಹಾಗಲ್ಲ ಅಕ್ಕ ಎನ್ನುವಷ್ಟರಲ್ಲಿ ಫೋನು ಇಟ್ಟಿದ್ದಳು.

ಆ ಸಂಬಂಧ ಮುರಿಯಿತು. ಹುಡುಗಿಯನ್ನು ಆಮೇಲೆ ತುಮಕೂರಿನ ಕಡೆ ಕೊಟ್ಟರು. ಅಕ್ಕ ನನ್ನೊಂದಿಗೆ ಮಾತು ಬಿಟ್ಟಳು, ತಮ್ಮನಿಗೂ ನನ್ನ ಮೇಲೆ ಸಿಟ್ಟು ಉಳಿಯಿತು.

ಆ ಬೆಳಿಗ್ಗೆ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಹೆಂಡತಿ ಅಡುಗೆಮನೆಗೆ ಹೋಗಿ ಹುರುಳಿಕಾಯಿ ಹೆಚ್ಚತೊಡಗಿದಳು. ನಾನು ಬಾಗಿಲಲ್ಲಿ ನಿಂತೆ.

"ಒಳ್ಳೇದು ಮಾಡಿದ್ರಿ ಮಾವ" ಎಂದಳು, ತಲೆಯೆತ್ತದೆ. "ತಂಗಿ ಉಳ್ಕೊಂಡ್ಲು."

ಇನ್ನಷ್ಟು ಹೆಚ್ಚಿ, "ಗುರುವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ಬಿಡಿ. ಇನ್ನು ಡಾಕ್ಟರ ಹತ್ರ ಹೋಗೋದು ಬೇಡ" ಎಂದಳು.

ನಾನು ಹೂಂ ಎಂದೆ.